ಮಾತಾಡದ ದೇವರ ಜೋಡು

ಹೋದ ತಿಂಗಳು ವಾಡೆಯ ಹಿಂದಿನ ಕತ್ತಲ ಕೋಣೆಯ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಇಲಿಗಳ ವಾಸನೆ. ಅದರ ಬೆನ್ನಿಗೇ ಇನ್ನೊಂದು ಬಂತು... ಹಳೆಯ ತೊಗಲಿನದು, ಔಡಲೆಣ್ಣೆ ಕುಡಿದು ಕುಡಿದು ಕಪ್ಪಾದ ತೊಗಲಿನದು. ಮೂಲೆಯಲ್ಲಿದ್ದ ಹರಿದ ನಾಟಕದ ಪರದೆ ಎಳೆದೆ. ಅದರ ಕೆಳಗೆ ಕಾಲಿಗೆ ಮೆಟ್ಟುವ ಜೋಡು ಬಿದ್ದಿತ್ತು. ಒಂದೇ ಕಾಲಿನದು. ಒಳಗೆ ಹಸುಗೂಸನ್ನು ಮಲಗಿಸಬಹುದು, ಅಷ್ಟು ದೊಡ್ಡದು. ಎತ್ತಿಕೊಂಡು ಮೂಸಿದೆ. ಜೊತೆಗಿದ್ದ ಹಮಾಲ, "ಯಾಕಲೇ, ಹಸಿವ್ಯಾಗೇತೇನು?" ಅಂದ. ನಾನು ಏನೂ ಹೇಳದೆ ನಿಂತದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗಾಬರಿಯಾಗಿ ನೀರು ತರಲು ಓಡಿದ.

ಸಂಸ್ಥಾನಗಳು ಮುಗಿದವು, ಊರು ಆಳುತ್ತಿದ್ದ ಧಣಿ ಪುಣೆಗೆ ಹೋದರು, ಅವರ ವಾಡೆಯ ಅರ್ಧ ನಮ್ಮ ನೇಕಾರರ ಸಂಘಕ್ಕೆ ಬಾಡಿಗೆಗೆ ಬಂತು. ನೂಲಿನ ಪೆಂಡಿ ಇಡಲು ಆ ಕೋಣೆ ಖಾಲಿ ಮಾಡುವ ಕೆಲಸ ನನಗೆ ಬಿತ್ತು. ಮಗ್ಗದ ಮುಂದೆ ಕೂತರೆ ನಾನು ನೇಯುವ ಸೀರೆಯ ದಡಿ ಘಟಪ್ರಭೆ ಹರಿದ ಹಾಗೆ ಸೊಟ್ಟಗೆ ಹರಿಯುತ್ತದೆ. ಆದ್ದರಿಂದ ನನ್ನನ್ನು ಮಗ್ಗದಿಂದ ದೂರ ಇಡುವುದೇ ಸಂಘಕ್ಕೆ ಲಾಭ ಎಂದು ಹಿರಿಯರು ತೀರ್ಮಾನಿಸಿದ್ದಾರೆ. ಮ್ಯಾಟ್ರಿಕ್ಕಿನಲ್ಲಿ ನಾನು ಡುಮ್ಕಿ ಹೊಡೆದದ್ದು ಎಷ್ಟು ಸಲ ಎಂದು ನಮ್ಮಪ್ಪನಿಗೆ ಈಗಲೂ ಲೆಕ್ಕ ಸಿಕ್ಕಿಲ್ಲ. ಇಂಥವನ ಕೈಗೆ ಆ ಜೋಡು ಸಿಕ್ಕಿತು. ಊರಿನಲ್ಲಿ ಬೇರೆ ಯಾರ ಕೈಗೆ ಸಿಕ್ಕಿದ್ದರೂ ಒಲೆಗೆ ಹೋಗುತ್ತಿತ್ತು.

ಅದನ್ನು ಹೊಲಿದವರು ಕಾಕಾ. ಊರು ಅವರನ್ನು ಜಾತಿ ಹಿಡಿದು ಕರೆಯುತ್ತಿತ್ತು. ನಾನು ಕಾಕಾ ಅನ್ನುತ್ತಿದ್ದೆ. ನಮ್ಮ ಬನಹಟ್ಟಿ ಮುಗಿದು ರಬಕವಿ ಶುರುವಾಗುವಲ್ಲಿ ಒಂದು ಗಡಿಕಲ್ಲು ಇತ್ತು. ನಮ್ಮದು ಒಬ್ಬ ರಾಜರ ಊರು, ಅದು ಇನ್ನೊಬ್ಬ ರಾಜರದು. ನಮ್ಮ ಕೋಳಿ ಆ ಕಲ್ಲು ದಾಟಿ ತತ್ತಿ ಇಟ್ಟರೆ ಅದು ಪರರಾಜ್ಯದ ತತ್ತಿ. ಕಲ್ಲಿನ ಈಚೆ, ನಮ್ಮ ಕಡೆಯ ಬೇವಿನ ಮರದ ಕೆಳಗೆ ಕಾಕಾ ಕೂತಿರುತ್ತಿದ್ದರು. ಮುಂದೆ ಒಂದು ಕಲ್ಲು, ತೊಗಲು ಕತ್ತರಿಸುವ ರಂಪಿಗೆ, ನೀರಿನ ಕುಂಡ. ಮಾತು ಬಹಳ ಕಡಿಮೆ. ನಾನು ಅವರ ಎದುರು ಕೂತು ದಿನವಿಡೀ ಮಾತಾಡಿದರೆ ಅವರು ಸಂಜೆಗೆ "ಹೂಂ" ಅನ್ನುತ್ತಿದ್ದರು. ಆ ಒಂದು ಹೂಂ ಕೇಳಲಿಕ್ಕೆ ನಾನು ಮರುದಿನ ಮತ್ತೆ ಹೋಗುತ್ತಿದ್ದೆ.

ವಾಡೆಯ ಮುಂದೆ ಜೋಡು ಮೆಟ್ಟಿ ನಡೆಯುವ ಹಾಗಿರಲಿಲ್ಲ. ನಮ್ಮಂಥ ನೇಕಾರರು ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಕಾಕಾನ ಕಡೆಯವರು ತಲೆಯ ಮೇಲೆ ಇಟ್ಟುಕೊಳ್ಳಬೇಕು. ಊರಿನ ಅಷ್ಟೂ ಪಾದಗಳಿಗೆ ಜೋಡು ಹೊಲಿದ ಮನುಷ್ಯ ತನ್ನದನ್ನು ತಲೆಯ ಮೇಲೆ ಹೊತ್ತು ಆ ಅಂಗಳ ದಾಟುತ್ತಿದ್ದ. ಪಕ್ಕದಲ್ಲೇ ನಾನು ನನ್ನದನ್ನು ಕೈಯಲ್ಲಿ ತೂಗಾಡಿಸುತ್ತ, ಒಂದು ಮಟ್ಟ ಮೇಲಿನವನು ಎಂಬ ಗತ್ತಿನಲ್ಲಿ ನಡೆಯುತ್ತಿದ್ದೆ. ಕತ್ತೆಗೂ ಇಷ್ಟು ಕಡಿಮೆ ಬುದ್ಧಿ ಇರುವುದಿಲ್ಲ. ಕತ್ತೆ ವಾಡೆಯ ಮುಂದೆ ಲಾಳ ಕಳಚುತ್ತಿರಲಿಲ್ಲ.

ಈ ಕತೆಯೊಳಗೆ ಇನ್ನೊಬ್ಬರಿದ್ದಾರೆ, ಮಾಸ್ತರರು. ಪುಣೆಯಲ್ಲಿ ಓದಿ ಬಂದವರು. ವಾಡೆಯ ಹೊರಪಡಸಾಲೆಯಲ್ಲೇ ಹುಡುಗರಿಗೆ ಕಲಿಸುವ ಅವರ ಸಾಲಿ ನಡೆಯುತ್ತಿತ್ತು. ಧಣಿಯ ಮೊಮ್ಮಗನ ಜಾವಳಕ್ಕೆ, ಮೊದಲ ಕೂದಲು ತೆಗೆಸುವ ಆ ಸಮಾರಂಭಕ್ಕೆ, ಒಂದು ಆಟ ಆಡಿಸಬೇಕೆಂದು ವಾಡೆಯಿಂದ ಹೇಳಿಕೆ ಬಂತು. ಊರಿನ ಆಟಗಳನ್ನೆಲ್ಲ ಜನ ಬಾಯಿಪಾಠ ಮಾಡಿಕೊಂಡಿದ್ದರು. ನಟ ಮಾತು ಮರೆತರೆ ಮುದುಕಿಯರು ಕೂತಲ್ಲಿಂದಲೇ ಹೇಳಿಕೊಡುತ್ತಿದ್ದರು. ಮಾಸ್ತರರಿಗೆ ಯಾರಿಗೂ ಗೊತ್ತಿಲ್ಲದ್ದು ಬೇಕಾಗಿತ್ತು. ಹಿಮ ಬೀಳುವ ದೇಶದ ಹಳೆಯ ದೇವರ ಕತೆ ತಂದರು. ಇಂಗ್ಲಿಷಿನಲ್ಲಿ ಓದಿದ್ದರಂತೆ.

ಕತೆ ಹೀಗೆ. ಆ ದೇವರುಗಳಿಗೆ ಒಬ್ಬ ಹಿರಿಯ, ಓಡಿನ್ ಅಂತ, ಒಂದೇ ಕಣ್ಣಿನವನು. ಅವನಿಗೆ ಒಬ್ಬ ಮಗ, ಹೆಸರು ವಿದಾರ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೆಂದರೆ ಅವನು ಮಾತಾಡುವುದಿಲ್ಲ. ಹುಲ್ಲು ಬೆಳೆದ ಬಯಲಿನಲ್ಲಿ ಸುಮ್ಮನೆ ಕೂತಿರುತ್ತಾನೆ. ಲೋಕ ಮುಗಿಯುವ ದಿನ ಒಂದು ದೊಡ್ಡ ತೋಳ ಕಟ್ಟು ಹರಿದುಕೊಂಡು ಬಂದು ಓಡಿನ್ನನನ್ನು ನುಂಗುತ್ತದೆ. ಆಗ ಈ ಮೂಕ ಮಗ ಎದ್ದು ಬಂದು ತೋಳದ ಕೆಳದವಡೆಯ ಮೇಲೆ ಕಾಲಿಟ್ಟು, ಮೇಲಿನ ದವಡೆ ಕೈಯಲ್ಲಿ ಹಿಡಿದು, ಸೀಳಿಬಿಡುತ್ತಾನೆ. ಕಾಲು ತುಂಡಾಗುವುದಿಲ್ಲ ಯಾಕೆಂದರೆ ಆ ಕಾಲಿನಲ್ಲಿ ಒಂದು ದಪ್ಪ ಜೋಡು ಇರುತ್ತದೆ. ಲೋಕದಲ್ಲಿ ಜೋಡು ಹೊಲಿಯುವವರೆಲ್ಲ ಬೆರಳಿನ ಕಡೆ, ಹಿಮ್ಮಡಿಯ ಕಡೆ ಕತ್ತರಿಸಿ ಬಿಸಾಡುತ್ತಾರಲ್ಲ ಚೂರು, ಆ ಚೂರುಗಳು ಕೂಡಿ ಕೂಡಿ ಆದ ಜೋಡು ಅದು.

ಪಾತ್ರ ಹಂಚುವ ಹೊತ್ತಿಗೆ ಜಗಳ ಬಿತ್ತು. ಓಡಿನ್ ಮಾಸ್ತರರೇ. ತೋಳ ನಾನು. ಮುಧೋಳದ ನಾಯಿಯ ಹಾಗೆ ಪಕ್ಕೆಲುಬು ಎಣಿಸುವಂತಿದ್ದ ನನ್ನನ್ನು ತೋಳ ಮಾಡಲು ಎರಡು ಕಂಬಳಿ ಹೊದಿಸಿದರು. ಎರಡು ಮೊರ ಕಟ್ಟಿ ದವಡೆ ಮಾಡಿದರು, ಲಾಳಿಯೊಳಗೆ ನೂಲು ಸುತ್ತುವ ಕಂಡಿಕೆಗಳನ್ನು ಹಲ್ಲಾಗಿ ಸಿಕ್ಕಿಸಿದರು. ತಾಲೀಮಿನಲ್ಲಿ ನಾನು ಊಳಿಟ್ಟರೆ ಬನಹಟ್ಟಿಯ ನಾಯಿಗಳು ಉತ್ತರ ಕೊಡುತ್ತಿದ್ದವು, ಆಮೇಲೆ ಪರರಾಜ್ಯದವು. ಆದರೆ ವಿದಾರ ಆಗಲು ಒಬ್ಬನೂ ಒಪ್ಪಲಿಲ್ಲ. ನಮ್ಮ ಕಡೆ ಮಾತಿಲ್ಲದ ಪಾತ್ರ ಕೊಡುವುದೂ ಊಟಕ್ಕೆ ಕರೆದು ಬರೀ ಎಲೆ ಹಾಕುವುದೂ ಒಂದೇ. "ಮಾತಾಡದ ದೇವರ ಪಾತ್ರ ಕಂಬಕ್ಕ ಕೊಡ್ರಿ ಮಾಸ್ತರ್ರ" ಎಂದು ಒಬ್ಬ ಎದ್ದೇ ಹೋದ.

ಆ ಹೊತ್ತಿಗೆ ಕಾಕಾ ಬಂದು ಪಡಸಾಲೆಯ ಕೆಳಗೆ ನಿಂತಿದ್ದರು. ದೇವರ ಜೋಡಿಗೆ ಅಳತೆ ಹೇಳಲು ಮಾಸ್ತರರೇ ಕರೆಸಿದ್ದರು. ನಾವು ಕಿರುಚಾಡಿ ಮುಗಿಸುವ ತನಕ ಅವರು ಕೈಕಟ್ಟಿ ನಿಂತೇ ಇದ್ದರು. ಮಾಸ್ತರರು ಅವರನ್ನು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ, "ನೀನ ಆಗೋ ದೇವರು" ಅಂದರು.

ಕಾಕಾ ಕೇಳಿದ್ದು ಒಂದೇ ಮಾತು. "ವಾಡೇದ ಮುಂದ ಜೋಡ ಹಾಕ್ಕೊಂಡರ ನಡೀತೈತೇನ್ರಿ?"

"ಅದು ನಿನ್ನ ಜೋಡಲ್ಲೋ, ದೇವರದು. ಯಾರರ ಕೇಳಿದರ ನಾ ಅದೇನಿ. ನನ್ನ ಹೆಸರ ಹೇಳು."

ಈ ಮಾತನ್ನು ನಾನು ಕೇಳಿದ್ದೇನೆ. ಈ ಎರಡು ಕಿವಿಯಿಂದ, ಮೊರದ ದವಡೆಯೊಳಗೆ ತಲೆ ಸಿಕ್ಕಿಸಿಕೊಂಡು ಕೂತು ಕೇಳಿದ್ದೇನೆ.

ಆವತ್ತಿನಿಂದ ಕಾಕಾ ಚೂರು ಬಿಸಾಡುವುದು ಬಿಟ್ಟರು. ಬೆರಳಿನ ಕಡೆಯದು, ಹಿಮ್ಮಡಿಯ ಕಡೆಯದು ಎಲ್ಲ ಒಂದು ಗೋಣಿಚೀಲಕ್ಕೆ. ಸಾಲದೆ ಬಂದಾಗ ಮಹಾಲಿಂಗಪುರದ ಸಂತೆಗೂ ಚಿಮ್ಮಡಕ್ಕೂ ಹೋಗಿ ತಮ್ಮ ಬಳಗದವರ ಹತ್ತಿರ ಕೇಳಿ ತಂದರು. ನಾಟಕದ ಜೋಡು, ರಟ್ಟು ಕಾಗದದಿಂದಲೂ ಆಗುತ್ತಿತ್ತು. ನಾನು ಹಾಗಂದೆ ಕೂಡ. ಅವರು ದಬ್ಬಳ ಬಾಯಲ್ಲಿ ಕಚ್ಚಿಕೊಂಡೇ ನನ್ನನ್ನು ನೋಡಿದರು. ಅಂಥ ನೋಟ ನಮ್ಮಪ್ಪ ನೋಡಿದ್ದರೆ ನಾನು ಮ್ಯಾಟ್ರಿಕ್ ಪಾಸಾಗುತ್ತಿದ್ದೆ. ಜೋಡು ಮುಗಿದ ದಿನ ಅದನ್ನು ಕಲ್ಲಿನ ಮೇಲೆ ನಿಲ್ಲಿಸಿ, ಔಡಲೆಣ್ಣೆ ಹಚ್ಚಿ, ಅಂಗೈಯಿಂದ ತಿಕ್ಕುತ್ತ ಕೂತಿದ್ದರು... ಆ ಮುಖದಲ್ಲಿ ನಗು ಇತ್ತೋ ಇಲ್ಲವೋ ಈಗ ನೆನಪಾಗುತ್ತಿಲ್ಲ. ಇತ್ತು ಅಂದುಕೊಳ್ಳುತ್ತೇನೆ.

ಜಾವಳದ ದಿನ ಬಂತು. ದೀಪ ಹಚ್ಚುವ ಹೊತ್ತಿಗೆ ವಾಡೆಯ ಅಂಗಳದಲ್ಲಿ ಗ್ಯಾಸಬತ್ತಿ ಹೊತ್ತಿದವು. ಮೇಲೆ ಕಟ್ಟೆಯ ಮೇಲೆ ಧಣಿ, ಅವರ ಮಂದಿ. ಕೆಳಗೆ ಊರು. ನಾನು ಊಳಿಡುತ್ತ ಬಂದೆ. ಕಂಬಳಿ ಕಾಲಿಗೆ ತೊಡರಿ ಬಿದ್ದೆ. ಜನ ಅದೂ ಆಟದಲ್ಲೇ ಇದೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಓಡಿನ್ನನನ್ನು ನುಂಗುವುದು ಅಂದರೆ ಮಾಸ್ತರರನ್ನು ಕಂಬಳಿಯೊಳಗೆ ಎಳೆದುಕೊಳ್ಳುವುದು. ಎಳೆಯುವಾಗ ಅವರ ಮೀಸೆ ಕಂಡಿಕೆಗೆ ಸಿಕ್ಕಿತು. ಹಿಮದೇಶದ ಹಿರಿಯ ದೇವರು ಅಚ್ಚ ಕನ್ನಡದಲ್ಲಿ ನನ್ನ ವಂಶ ಉದ್ಧಾರ ಮಾಡುತ್ತ ತೋಳದ ಹೊಟ್ಟೆಗೆ ಹೋದರು. ಅಲ್ಲಿಯ ತನಕ ನನ್ನ ಜೀವನದಲ್ಲೇ ಅಷ್ಟು ಚೆಂದದ ಸಂಜೆ ಇರಲಿಲ್ಲ.

ಇನ್ನು ವಿದಾರ ಬರಬೇಕು. ಅಂಗಳದ ಬಾಗಿಲಲ್ಲಿ ಧಣಿಯ ಆಡಳಿತ ನೋಡುವ ಕಾರಭಾರಿ ನಿಂತಿದ್ದ. ಕಾಕಾನ ಕಾಲು ನೋಡಿದ. ಅಲ್ಲಿ ನಡೆದದ್ದು ನನಗೆ ಕೇಳಿಸಲಿಲ್ಲ. ಆದರೆ ಕಾಕಾ ಒಳಗೆ ಬಂದಾಗ ಬರಿಗಾಲು, ಜೋಡು ತಲೆಯ ಮೇಲೆ.

ಅಂಗಳ ನಕ್ಕಿತು. ಎಂಥ ನಗು ಅಂದರೆ, ಗ್ಯಾಸಬತ್ತಿ ಅಲುಗಿದವು. "ದೇವರು ಬುತ್ತಿ ತಂದಾನಲೇ" ಎಂದು ಒಬ್ಬ ಕೂಗಿದ. ಕಿರೀಟದ ಜಾಗದಲ್ಲಿ ಜೋಡು ಹೊತ್ತ ದೇವರು ಮೆಲ್ಲಗೆ ನಡೆದು ಬಂದ. ನಾನು ನೆಲಕ್ಕೆ ಗದ್ದ ಊರಿ, ಮೊರದ ದವಡೆ ತೆರೆದು ಕಾಯುತ್ತಿದ್ದೆ. ಅವರು ನನ್ನ ಮುಂದೆ ನಿಂತರು. ತಲೆಯ ಮೇಲಿನದನ್ನು ಇಳಿಸಿ ನೆಲದ ಮೇಲೆ ಇಟ್ಟರು. ಒಂದು ಸಲ ಕಟ್ಟೆಯ ಕಡೆ ನೋಡಿದರು. ಆಮೇಲೆ ಕಾಲು ಅದರೊಳಗೆ ಇಟ್ಟರು.

ನಗು ನಿಂತಿತು. ಆ ಅಂಗಳದಲ್ಲಿ ಜೋಡಿನ ಅಟ್ಟೆ ನೆಲಕ್ಕೆ ತಾಗಿದ ಸಪ್ಪಳ ಅಷ್ಟು ಚೊಕ್ಕ ಕೇಳಿಸಿತು. ದೇವರು ಮೊರದ ಮೇಲೆ ಕಾಲಿಟ್ಟ, ಮೇಲಿನ ಮೊರ ಕೈಯಲ್ಲಿ ಹಿಡಿದ. ಇನ್ನು ನಾನು ಸಾಯಬೇಕು. ನಾನು ಬಾಯಿ ತೆರೆದು ಅವರನ್ನೇ ನೋಡುತ್ತ ಇದ್ದುಬಿಟ್ಟೆ. ಸಾಯುವುದು ಮರೆತೇಹೋಯಿತು. ಇಡೀ ಆಟದಲ್ಲಿ ತುಟಿ ಬಿಚ್ಚಬಾರದ ದೇವರು ನನಗಾಗಿ ಬಗ್ಗಿ ಮೆತ್ತಗೆ ಹೇಳಬೇಕಾಯಿತು, "ತಮ್ಮಾ, ಸಾಯಿ."

ಸತ್ತೆ. ಚಪ್ಪಾಳೆ ಬೀಳಲಿಲ್ಲ.

ಕಾರಭಾರಿ ಬಂದು ನಿಂತ. "ಯಾರು ಹೇಳಿದರಲೇ ನಿನಗ ಇಲ್ಲಿ ಹಾಕ್ಕೋ ಅಂತ?"

ಕಾಕಾ ಮಾಸ್ತರರ ಹೆಸರು ಹೇಳಲಿಲ್ಲ. ಮಾಸ್ತರರಿದ್ದ ಕಡೆ ನೋಡಿದರು ಅಷ್ಟೆ. ಅಂದರೆ ನನ್ನ ಕಡೆ. ಯಾಕೆಂದರೆ ಮಾಸ್ತರರು ಇನ್ನೂ ನನ್ನ ಕಂಬಳಿಯೊಳಗೆ ಇದ್ದರು. ನಾನು ಕಂಬಳಿ ಎತ್ತಲು ಹೋದೆ. ಒಳಗಿನಿಂದ ಅವರು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಎಳೆಯುವುದು, ಅವರು ಹಿಡಿಯುವುದು. ಪುಣೆಯಲ್ಲಿ ಓದಿದ ಮನುಷ್ಯ ಸತ್ತ ತೋಳದ ಹೊಟ್ಟೆಯಲ್ಲಿ ಅಡಗಿ ಕೂತಿದ್ದ. ಕಡೆಗೆ ಧಣಿಯೇ "ಮಾಸ್ತರ" ಎಂದು ಕರೆದ ಮೇಲೆ ಹೊರಗೆ ಬಂದರು, ಒಂದು ಕಣ್ಣಿಗೆ ಇನ್ನೂ ಪಟ್ಟಿ ಕಟ್ಟಿಕೊಂಡೇ.

"ನಾ ಹೇಳಿಲ್ಲರಿ ಧಣ್ಯಾರ. ಕತಿಯೊಳಗ ಆ ದೇವರು ಬರಿಗಾಲಲೇ ಬರತಾನ್ರಿ. ಇವಾ ತಾನ ಹಾಕ್ಕೊಂಡಾನ."

ಆ ದೇವರನ್ನು ಓದಿ ಬಲ್ಲವರು ನಮ್ಮ ಸುತ್ತಿನ ಅಷ್ಟೂ ಊರುಗಳಲ್ಲಿ ಮಾಸ್ತರರು ಒಬ್ಬರೇ. ಜಮಖಂಡಿಯಿಂದ ಬೀಳಗಿಯ ತನಕ ಹುಡುಕಿದರೂ ಇನ್ನೊಬ್ಬ ಸಾಕ್ಷಿ ಸಿಗುತ್ತಿರಲಿಲ್ಲ. ನಮ್ಮದೇ ದೇವರಾಗಿದ್ದರೆ ಯಾವುದಾದರೂ ಮುದುಕಿ ಎದ್ದು, "ಹುಚ್ಚಪ್ಪ, ಜೋಡ ಇತ್ತೋ" ಅನ್ನುತ್ತಿದ್ದಳು. ಇದ್ದ ಒಬ್ಬ ಸಾಕ್ಷಿ ಆ ದೇವರ ಕಾಲಿಂದ ಜೋಡು ಕಿತ್ತುಬಿಟ್ಟ. ಅವರಿಗೆ ಹೆದರಿಕೆ ಇತ್ತು, ಸಾಲಿ ವಾಡೆಯ ಪಡಸಾಲೆಯಲ್ಲಿತ್ತು, ಹೊಟ್ಟೆಪಾಡು ಎಂದು ಊರವರು ಆಮೇಲೆ ಹೇಳಿದರು. ಹೆದರಿಕೆ ನನಗೂ ಇತ್ತು. ಹೊಟ್ಟೆಪಾಡು ಕಾಕಾನದೂ ಅಲ್ಲೇ ಇತ್ತು, ಆ ಬೇವಿನ ಮರದ ಕೆಳಗೆ.

ನಾನು ಎದ್ದು ನಿಂತೆ. "ಸುಳ್ಳರಿ. ಮಾಸ್ತರ ಹೇಳ್ಯಾರ, ನಾ ಕೇಳೇನಿ. ಆ ಜೋಡ ಇಲ್ಲದಿದ್ದರ ತೋಳ ಸಾಯಂಗಿಲ್ಲರಿ."

ಎರಡು ಕಂಬಳಿ ಹೊದ್ದು, ಎರಡು ಮೊರ ಕಟ್ಟಿಕೊಂಡು, ಕಂಡಿಕೆಯ ಹಲ್ಲು ಅಲ್ಲಾಡಿಸುತ್ತ ಸತ್ತ ತೋಳ ಎದ್ದು ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ? ಜನ ಬಿದ್ದು ಬಿದ್ದು ನಕ್ಕರು. ನಾನು ಖರೇನೇ ಹೇಳ್ತೇನಿ ಅಂದೆ, ಇನ್ನೂ ನಕ್ಕರು. ಸಿಟ್ಟಿಗೆ ದನಿ ಒಡೆದು ಕೀರಲಾಯಿತು, ಅದಕ್ಕೆ ಸಿಳ್ಳೆ ಹಾಕಿದರು. ಧಣಿ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತ, "ಈ ಹುಡುಗಗ ಉಂಡಿ ಕೊಡ್ರಿ" ಅಂದರು. ನಗುನಗುತ್ತಲೇ ತೀರ್ಪೂ ಆಯಿತು. ಕಾಕಾ ಇನ್ನು ಈ ಊರಿನಲ್ಲಿ ಕೂರಬಾರದು, ಅವರ ಕೈಯ ಜೋಡನ್ನು ಯಾರೂ ಮೆಟ್ಟಬಾರದು. ಹುಟ್ಟಿದಾಗಿನಿಂದ ನಾನು ಈ ಊರನ್ನು ನಗಿಸಿದ್ದೇನೆ. ಒಂದೇ ಒಂದು ಸಲ, ದಮ್ಮಯ್ಯ ನಗಬೇಡಿರಿ ಎಂದು ನಿಂತಾಗಲೂ ನಕ್ಕರು. ಆ ನಗು ನೆನಪಾದರೆ ಈಗಲೂ ಹಲ್ಲು ಕಟಕಟ ಅನ್ನುತ್ತವೆ. ಉಂಡಿ ನಾಯಿಗೆ ಹಾಕಿದೆ. ಅದು ತಿಂದಿತು, ಅದಕ್ಕೇನು ಗೊತ್ತು.

ಕಾಕಾ ಜೋಡಿನಿಂದ ಕಾಲು ತೆಗೆದು, ಅದನ್ನು ಅಲ್ಲೇ ಬಿಟ್ಟು ನಡೆದರು. ಅದನ್ನು ಮತ್ತೆ ತಲೆಗೆ ಏರಿಸಲಿಲ್ಲ. ಇದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು. ಮರುದಿನ ಬೆಳಿಗ್ಗೆ ಕಲ್ಲು, ರಂಪಿಗೆ, ಕುಂಡ, ಹೆಂಡತಿ ಸಮೇತ ಗಡಿಕಲ್ಲು ದಾಟಿ ರಬಕವಿಯ ಕಡೆ ಒಂದು ಗೋಡೆಯ ನೆರಳಿಗೆ ಕೂತರು. ಅಲ್ಲಿಂದ ನಮ್ಮ ಬೇವಿನ ಮರ ಕಾಣುತ್ತಿತ್ತು. ಕೂಗಿದರೆ ಕೇಳಿಸುವ ದೂರ, ಆದರೆ ಬೇರೆ ರಾಜ್ಯ. ವಾಡೆಯ ತೀರ್ಪು ಆ ಕಲ್ಲಿನ ತನಕ ಬಂದು ನಿಂತಿತು. ತೀರ್ಪು ನಿಂತರೂ ಊರಿನವರ ಹರಿದ ಜೋಡು ನಿಲ್ಲಲಿಲ್ಲ. ಒಬ್ಬೊಬ್ಬರೇ ಅರಿವೆಯಲ್ಲಿ ಸುತ್ತಿಕೊಂಡು ಕಂಕುಳಲ್ಲಿ ಅಡಗಿಸಿಕೊಂಡು ಅತ್ತ ನಡೆದರು. ಕಾರಭಾರಿಯ ಜೋಡೂ ಒಂದು ದಿನ ಹೀಗೇ ಹೋಯಿತು. ಕಾಕಾ ಅದಕ್ಕೂ ಅಟ್ಟೆ ಹಾಕಿಕೊಟ್ಟರು. ನಾನಾಗಿದ್ದರೆ ಒಳಗೆ ಮೊಳೆ ಬಿಡುತ್ತಿದ್ದೆ. ಹಾಗೆಂದು ಅವರಿಗೆ ಹೇಳಿದೆ ಕೂಡ. ಅವರು, "ಅವನ ಕಾಲ ಏನ ಮಾಡ್ಯಾವ ತಮ್ಮಾ" ಅಂದರು.

ಬಹಳ ದಿನ ಬಿಟ್ಟು ಕೇಳಿದೆ, "ಕಾಕಾ, ಮಾಸ್ತರ ಹೆಸರ ಯಾಕ ಹೇಳಲಿಲ್ಲ?"

ದಾರಕ್ಕೆ ಮೇಣ ಎಳೆಯುತ್ತ ಕೂತಿದ್ದರು. "ನೀ ಹೇಳಿದ್ಯಲ್ಲ."

"ನಾ ಹೇಳಿದ್ದಕ್ಕ ಎಲ್ಲಾರೂ ನಕ್ಕರು."

"ನಾ ನಗಲಿಲ್ಲ" ಅಂದರು.

ಇನ್ನೊಮ್ಮೆ, ನಾನು ಏನೋ ಹರಟುತ್ತಿದ್ದಾಗ ನಡುವೆ ತಾವಾಗಿಯೇ ಕೇಳಿದರು, "ಆ ದೇವರು... ತೋಳ ಸತ್ತ ಮ್ಯಾಲ ಜೋಡ ತಗದನೋ, ಹಾಕ್ಕೊಂಡ ಅಡ್ಯಾಡಿದನೋ?" ಕತೆ ತೋಳ ಸಾಯುವಲ್ಲಿಗೆ ಮುಗಿದಿತ್ತು. ಆಮೇಲೆ ಲೋಕವೆಲ್ಲ ಸುಟ್ಟು ಹೋದರೂ ಆ ದೇವರು ಉಳಿಯುತ್ತಾನೆ ಎಂದಷ್ಟೇ ಮಾಸ್ತರರು ಹೇಳಿದ್ದರು. ಜೋಡಿನ ವಿಚಾರ ಮಾಸ್ತರರನ್ನೇ ಕೇಳಬೇಕು. ನನಗೂ ಅವರಿಗೂ ಮಾತು ಬಿಟ್ಟಿತ್ತು. ಕೇಳಿ ಹೇಳ್ತೇನಿ ಕಾಕಾ ಅಂದೆ. ಇವತ್ತು, ನಾಳೆ... ಹೋದ ಬೇಸಿಗೆಯಲ್ಲಿ ಜ್ವರ ಬಂದು ಕಾಕಾ ಹೋದರು. ಮುಂದೆ ಕೆಲವೇ ತಿಂಗಳಿಗೆ ಸಂಸ್ಥಾನಗಳು ವಿಲೀನವಾಗಿ ಗಡಿಕಲ್ಲಿಗೆ ಅರ್ಥವೇ ಇಲ್ಲದಾಯಿತು. ಈಗ ಅದರ ಮೇಲೆ ಎಮ್ಮೆಗಳು ಮೈ ತಿಕ್ಕುತ್ತವೆ. ಆ ಮನುಷ್ಯ ಇನ್ನೊಂದಿಷ್ಟು ದಿನ ಇದ್ದಿದ್ದರೆ ಏನಾಗುತ್ತಿತ್ತು? ಯಾರನ್ನು ಬೈಯಬೇಕು ಎಂದು ಗೊತ್ತಾಗದೆ ಆ ಕಲ್ಲಿಗೇ ಒದ್ದೆ. ಹೆಬ್ಬೆರಳು ಬಾತು ಕುಂಟುತ್ತ ಮನೆಗೆ ಬಂದೆ. ನನ್ನ ಸಿಟ್ಟಿನ ಹಣೆಬರಹವೇ ಇಷ್ಟು.

ಮೊನ್ನೆ ನೂಲಿನ ಕೋಣೆಯ ಪೂಜೆಗೆ ಮಾಸ್ತರರನ್ನು ಕರೆದಿದ್ದರು. ವಾಡೆಯ ಕಟ್ಟೆಯ ಮೇಲೆ ಕರ್ರ್ ಕರ್ರ್ ಎನ್ನುವ ಹೊಸ ಜೋಡು ಮೆಟ್ಟಿ ನಿಂತು, ಇನ್ನು ಮುಂದೆ ಎಲ್ಲರೂ ಒಂದೇ ಎಂದು ಭಾಷಣ ಮಾಡಿದರು. ಮುಗಿದ ಮೇಲೆ ನಾನು ದೇವರ ಜೋಡನ್ನು ತಂದು ಅವರ ಮುಂದೆ ಇಟ್ಟೆ.

"ಮಾಸ್ತರ್ರ, ತೋಳ ಸತ್ತ ಮ್ಯಾಲ ಆ ದೇವರು ಇದನ್ನ ತಗದನೋ, ಹಾಕ್ಕೊಂಡ ಅಡ್ಯಾಡಿದನೋ?"

ಅವರು ಜೋಡು ನೋಡಿದರು. ಗುರುತು ಹತ್ತಿತು. ಹತ್ತಿದ್ದು ನನಗೆ ಕಂಡಿತು. ಆಮೇಲೆ ಜನರ ಕಡೆ ತಿರುಗಿ ನಕ್ಕರು. "ಯಾವ ದೇವರೋ? ಈ ಮಗನ ಚ್ಯಾಷ್ಟಿ ಇನ್ನೂ ಬಿಡಲಿಲ್ಲ ನೋಡ್ರಿ." ಕಟ್ಟೆ ನಕ್ಕಿತು. ಅದೇ ನಗು. ರಾಜರು ಹೋದರು, ಧಣಿ ಹೋದರು, ಆ ನಗು ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಜೋಡು ಬಗಲಲ್ಲಿ ಇಟ್ಟುಕೊಂಡು ಅಲ್ಲಿಂದ ಸೀದಾ ರಬಕವಿಗೆ ನಡೆದೆ. ಕಾಕಾನ ಹೆಂಡತಿ, ಕಾಕು, ಅದೇ ಗೋಡೆಯ ನೆರಳಿನಲ್ಲಿ ಜೋಡಿನ ಪಟ್ಟಿ ಹೆಣೆಯುತ್ತ ಕೂತಿದ್ದಳು. ಅವಳ ಮುಂದೆ ಇಟ್ಟೆ. ಅಳುತ್ತಾಳೆ ಅಂದುಕೊಂಡು ನಾನು ಮೊದಲೇ ಮೂಗು ಒರೆಸಿಕೊಂಡು ತಯಾರಾಗಿದ್ದೆ. ಅವಳು ಅಳಲಿಲ್ಲ. ಹೊರಳಿಸಿ ನೋಡಿದಳು, ಉಗುರಿನಿಂದ ಕೆರೆದಳು. "ತೊಗಲ ಇನ್ನೂ ಛಲೋ ಐತಿ" ಎಂದು ರಂಪಿಗೆ ತಗೊಂಡು ಹೊಲಿಗೆ ಬಿಚ್ಚತೊಡಗಿದಳು.

"ಕಾಕೂ, ಬ್ಯಾಡ. ಇಡೋಣು ಅದನ್ನ."

"ಇಟ್ಟ ಏನ ಮಾಡ್ತಿ, ಪೂಜಿ ಮಾಡ್ತಿಯೇನು?" ತಲೆ ಎತ್ತಲಿಲ್ಲ. "ಮಂದಿ ಬರಿಗಾಲಲೇ ಅಡ್ಯಾಡಾಕತ್ತಾರ."

ಬೆರಳಿನ ಕಡೆಯ ಚೂರು, ಹಿಮ್ಮಡಿಯ ಕಡೆಯ ಚೂರು, ಒಂದೊಂದೇ ಬಿಚ್ಚಿ ಪಕ್ಕಕ್ಕೆ ಬಿತ್ತು. ಕಾಕಾ ಹೊಲಿದ ದಾರ ಸುಲಭಕ್ಕೆ ಬಿಡಲಿಲ್ಲ. ಅವಳು ನನ್ನ ಕಾಲು ನೋಡಿ, "ಹಿಮ್ಮಡಿ ಹರಿದೈತಿ, ತಗಿ" ಅಂದಳು. ಆ ಚೂರುಗಳಲ್ಲಿ ದಪ್ಪದ್ದೊಂದನ್ನು ಆರಿಸಿ ನನ್ನ ಜೋಡಿಗೆ ಹೊಲಿದುಕೊಟ್ಟಳು.

ಮನೆಗೆ ಹೋಗಲು ಬೇರೆ ಹಾದಿಯಿತ್ತು. ನಾನು ವಾಡೆಯ ಅಂಗಳಕ್ಕೇ ಬಂದೆ. ಕಟ್ಟೆಯ ಮೇಲೆ ಮಾಸ್ತರರು ಇನ್ನೂ ಚಹಾ ಕುಡಿಯುತ್ತ ಕೂತಿದ್ದರು. ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಎತ್ತರವಾಗಿ ನಾನು ಒಂಟೆಯ ಹಾಗೆ ನಡೆಯುತ್ತಿದ್ದೆ. ಯಾರೋ ನಕ್ಕಿರಬೇಕು. ಕಾಕಾ ಕೇಳಿದ್ದಕ್ಕೆ ಉತ್ತರ ನನಗೆ ಸಿಗಲಿಲ್ಲ, ಇನ್ನು ಕೇಳುವವರೂ ಇಲ್ಲ. ಜೋಡು ಕಳಚದೆ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದೆ. ತಿರುಗಿದೆ. ಹಿಮ್ಮಡಿ ನೆಲಕ್ಕೆ ಒತ್ತಿ ಒತ್ತಿ, ಮತ್ತೆ ಆ ತುದಿಯಿಂದ ಈ ತುದಿಗೆ ನಡೆದೆ.